ಖಾತೆಯಿಂದ ಗೊತ್ತಿಲ್ದೆ ದುಡ್ಡು ಹೋಯ್ತಾ? 3 ದಿನದೊಳಗೆ ದೂರು ಕೊಡಿ

ಓಟಿಪಿ ಯಾರಿಗೂ ಹೇಳಿಲ್ಲ, ಎಟಿಎಂ ಕಾರ್ಡ್ ಜೇಬಲ್ಲೇ ಇದೆ. ಆದ್ರೂ ಹಣ ಕಡಿತ ಆಗಿರೋ ಮೆಸೇಜ್ ಬಂದಿದ್ಯಾ? 2017ರ ಜುಲೈ 6ರ ಆರ್‌ಬಿಐ ಸುತ್ತೋಲೆ ನಿಮ್ಮ ನೆರವಿಗಿದೆ.

ಮೊದಲು ಏನ್ ಮಾಡ್ಬೇಕು?
ಬ್ಯಾಂಕ್ ಸಹಾಯವಾಣಿಗೆ ಕರೆ ಮಾಡಿ ಕಾರ್ಡ್ ಬ್ಲಾಕ್ ಮಾಡಿಸಿ, ದೂರಿನ ನಂಬರ್ ಬರೆದಿಟ್ಕೊಳ್ಳಿ. ಸೈಬರ್ ಸಹಾಯವಾಣಿ 1930ಕ್ಕೂ ತಿಳಿಸಿ. ಶಾಖೆಗೆ ಲಿಖಿತ ದೂರು ಕೊಟ್ಟು ಸೀಲ್ ಹಾಕಿದ ಪ್ರತಿ ಪಡೆಯಿರಿ. ಹೆಬ್ಬೆಟ್ಟಿನ ಮೂಲಕ ಹಣ ಹೋಗಿದ್ರೆ ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿ.

ಎಷ್ಟು ವಾಪಸ್ ಬರುತ್ತೆ?
* ಬ್ಯಾಂಕಿನ ತಪ್ಪಿದ್ರೆ ಪೂರ್ತಿ ಹಣ.
* ಇಬ್ಬರದೂ ತಪ್ಪಿಲ್ದೆ, ಮೆಸೇಜ್ ಬಂದ 3 ಕೆಲಸದ ದಿನದೊಳಗೆ ತಿಳಿಸಿದ್ರೂ ಪೂರ್ತಿ.
* 4ರಿಂದ 7 ದಿನವಾದ್ರೆ ಉಳಿತಾಯ ಖಾತೆಗೆ ಗರಿಷ್ಠ 10,000 ರೂ., ಬೇಸಿಕ್ ಉಳಿತಾಯ ಖಾತೆಗೆ 5,000 ರೂ. ನಷ್ಟ ನಿಮ್ಮದು.
* ಓಟಿಪಿ ಹೇಳಿದ್ರೆ ದೂರು ಕೊಡೋವರೆಗಿನ ನಷ್ಟ ನಿಮ್ಮದೇ. ಆಮೇಲೆ ಹೋದದ್ದು ಬ್ಯಾಂಕಿನ ಹೊಣೆ.

ದೂರು ಕೊಟ್ಟ 10 ಕೆಲಸದ ದಿನದೊಳಗೆ ಬ್ಯಾಂಕ್ ತಾತ್ಕಾಲಿಕವಾಗಿ ಹಣ ಜಮಾ ಮಾಡಬೇಕು, 90 ದಿನದಲ್ಲಿ ಇತ್ಯರ್ಥಪಡಿಸಬೇಕು. 'ನೀವೇ ಓಟಿಪಿ ಕೊಟ್ಟಿರ್ತೀರಿ' ಅಂತ ಸಾಗಹಾಕಿದ್ರೆ ಸುಮ್ಮನಾಗಬೇಡಿ. ತಪ್ಪು ನಿಮ್ಮದು ಅಂತ ಸಾಬೀತು ಮಾಡ್ಬೇಕಾದ್ದು ಬ್ಯಾಂಕೇ. 30 ದಿನ ಕಳೆದ್ರೂ ಉತ್ತರ ಬರದಿದ್ರೆ ಆರ್‌ಬಿಐ ಓಂಬುಡ್ಸ್‌ಮನ್‌ಗೆ ದೂರು ಕೊಡಿ, ಶುಲ್ಕ ಇಲ್ಲ. ಮಾಹಿತಿಗೆ 14448.