ಯಾದಗಿರಿ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳ ಹೋಲಿಕೆ

ಯಾದಗಿರಿ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳನ್ನು ಪರಸ್ಪರ ಹಾಗೂ ರಾಜ್ಯದ ಇತರ ಜಿಲ್ಲೆಗಳ ಶಾಲೆಗಳೊಂದಿಗೆ ತೂಗಿ ನೋಡುವ ಕ್ರಮ ಬೆಳೆದುಬಂದ ಬಗೆ. ಕಲಬುರಗಿಯಿಂದ ಬೇರ್ಪಟ್ಟು 2009ರ ಡಿಸೆಂಬರ್‌ನಲ್ಲಿ ರಚನೆಯಾದ ಈ ಜಿಲ್ಲೆ ಬಹುಪಾಲು ಹಳ್ಳಿಗಳದು. ಹೋಲಿಕೆಗೆ ಬಳಕೆಯಾಗುತ್ತ ಬಂದಿರುವ ಮುಖ್ಯ ಅಳತೆಗೋಲು ಎಸ್ಸೆಸ್ಸೆಲ್ಸಿ ಫಲಿತಾಂಶ. ಜಿಲ್ಲಾವಾರು ಪಟ್ಟಿಯ ತಳದಲ್ಲಿ ಯಾದಗಿರಿಯ ಹೆಸರು ಮತ್ತೆ ಮತ್ತೆ ಬಂದಿರುವುದರಿಂದ ಇಲ್ಲಿನ ಶಾಲೆಗಳೇ ಕಳಪೆ ಎಂಬ ಮಾತು ಎಲ್ಲೆಡೆ ಚಲಾವಣೆಯಲ್ಲಿದೆ. ಆದರೆ ಪಟ್ಟಿ ಸಿದ್ಧವಾಗುವ ರೀತಿಯೇ ಹಲವು ಸಲ ಬದಲಾಗಿದೆ. ಹೀಗಾಗಿ ಆ ಮಾತನ್ನು ಹಾಗೆಯೇ ಒಪ್ಪುವಂತಿಲ್ಲ.

ಈ ಭಾಗ 1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆಡಳಿತವೂ ಉನ್ನತ ಶಿಕ್ಷಣವೂ ಉರ್ದುವಿನಲ್ಲಿದ್ದು, ಕನ್ನಡದ ಮಕ್ಕಳಿಗೆ ಪ್ರೌಢಶಾಲೆ ದೂರದ ಮಾತಾಗಿತ್ತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದಾಗ ಹಳೆಯ ಮೈಸೂರು, ಮುಂಬಯಿ, ಮದ್ರಾಸ್ ಪ್ರಾಂತಗಳ ಭಾಗಗಳಿಗಿಂತ ಇದು ಹಿಂದೆ ಇತ್ತು. 1966ರಲ್ಲಿ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ ಸ್ಥಾಪನೆಯಾಗಿ ಇಡೀ ರಾಜ್ಯದ ಮಕ್ಕಳು ಒಂದೇ ಮಂಡಳಿಯ ಪರೀಕ್ಷೆಗೆ ಕೂರುವಂತಾಯಿತು. ಪ್ರಾದೇಶಿಕ ಅಸಮತೋಲನದ ಬಗೆಗಿನ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ ಅಂದಿನ 175 ತಾಲ್ಲೂಕುಗಳ ಪೈಕಿ 114ನ್ನು ಹಿಂದುಳಿದವೆಂದು ಗುರುತಿಸಿತು. ಈಗಿನ ಜಿಲ್ಲೆಯ ಅಂದಿನ ತಾಲ್ಲೂಕುಗಳಾದ ಯಾದಗಿರಿ, ಶಹಾಪುರ, ಸುರಪುರ ಮೂರೂ ಅವುಗಳಲ್ಲಿದ್ದವು. ಶಾಲೆಯ ಸ್ಥಿತಿಯನ್ನು ಸುತ್ತಲಿನ ರಸ್ತೆ, ಆಸ್ಪತ್ರೆ, ನೀರಾವರಿ, ಆದಾಯದ ಜೊತೆಗಿಟ್ಟು ನೋಡಬೇಕೆಂಬ ದೃಷ್ಟಿಗೆ ಆ ವರದಿ ಆಧಾರ ಒದಗಿಸಿತು. ಪತ್ರಿಕೆಗಳ ಪಟ್ಟಿಗಳಲ್ಲಿ ಆ ದೃಷ್ಟಿ ಕಾಣಲಿಲ್ಲ.

2018ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ಶೇ. 88.18 ಪಡೆದು ಮೊದಲ ಸ್ಥಾನದಲ್ಲಿದ್ದಾಗ ಯಾದಗಿರಿ ಶೇ. 35.54ರೊಂದಿಗೆ ಕೊನೆಯಲ್ಲಿತ್ತು. ಮರುವರ್ಷ ಅದೇ ಜಿಲ್ಲೆ ಶೇ. 53.95ಕ್ಕೆ ಏರಿತು, ಸ್ಥಾನ ಮಾತ್ರ ಬದಲಾಗಲಿಲ್ಲ. ಒಂದೇ ವರ್ಷದಲ್ಲಿ 18 ಅಂಶಗಳಷ್ಟು ಮೇಲೇರಿದ ಜಿಲ್ಲೆಗೆ ಸಿಕ್ಕಿದ್ದು ಮತ್ತೆ ‘ಕೊನೆಯ ಸ್ಥಾನ’ ಎಂಬ ತಲೆಬರಹ. ಸ್ಥಾನಪಟ್ಟಿಯ ಅನ್ಯಾಯ ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ.

2020ರಲ್ಲಿ ಜಿಲ್ಲೆಗಳಿಗೆ ಎ, ಬಿ, ಸಿ ಶ್ರೇಣಿ ಕೊಡುವ ಪದ್ಧತಿ ಬಂತು. ಕೋವಿಡ್ ಕಾರಣ 2021ರಲ್ಲಿ ಎರಡೇ ದಿನ ಬಹುಆಯ್ಕೆ ಪ್ರಶ್ನೆಗಳ ಪರೀಕ್ಷೆ ನಡೆದು ಬಹುತೇಕ ಎಲ್ಲರೂ ತೇರ್ಗಡೆಯಾದರು. ಆ ಸಾಲು ಹೋಲಿಕೆಗೆ ಒದಗುವುದಿಲ್ಲ. 2023ರಲ್ಲಿ ಯಾದಗಿರಿ ಶೇ. 75.49 ಪಡೆದೂ ಕೊನೆಯಲ್ಲೇ ಉಳಿಯಿತು. ಆ ವರ್ಷ ಮೊದಲ ಸ್ಥಾನ ಚಿತ್ರದುರ್ಗದ್ದು, ಶೇ. 96.80.

ನಿಜವಾದ ತಿರುವು 2024ರದು. ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂದು ವೆಬ್‌ಕಾಸ್ಟಿಂಗ್ ನಡೆಯಿತು. ಅರ್ಹರಿಗೆ ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದರೂ ರಾಜ್ಯದ ಫಲಿತಾಂಶ ಶೇ. 83.89ರಿಂದ 73.40ಕ್ಕೆ ಇಳಿಯಿತು. ಹಿಂದಿನ ವರ್ಷದ ಅಗ್ರಜಿಲ್ಲೆ ಚಿತ್ರದುರ್ಗ ಮೊದಲ ಹತ್ತರಲ್ಲಿ ಕಾಣಲಿಲ್ಲ. ಶೇ. 94 ಪಡೆದ ಉಡುಪಿ ಮತ್ತೆ ಮೇಲೆ ಬಂತು, ಯಾದಗಿರಿ ಶೇ. 50.59ರೊಂದಿಗೆ ಕೊನೆಯಲ್ಲಿತ್ತು. ಒಂದೇ ವರ್ಷದಲ್ಲಿ ಶಾಲೆಗಳ ಬೋಧನೆ ಇಷ್ಟು ಬದಲಾಗಲಾರದು. ಅಲ್ಲಿಯವರೆಗಿನ ಪಟ್ಟಿಗಳು ಕಲಿಕೆಯ ಜೊತೆಗೆ ಪರೀಕ್ಷಾ ಕೇಂದ್ರದ ಬಿಗಿಯನ್ನೂ ಅಳೆಯುತ್ತಿದ್ದವು ಎಂಬುದಕ್ಕೆ ಇಷ್ಟು ಬಲವಾದ ಸಾಕ್ಷ್ಯ ಹಿಂದೆ ಇರಲಿಲ್ಲ. ಹೆಚ್ಚುವರಿ ಕೃಪಾಂಕ ನಿಂತ 2025ರಲ್ಲಿ, ವರ್ಷದ ಮೊದಲ ಪರೀಕ್ಷೆಯ ರಾಜ್ಯ ಫಲಿತಾಂಶ ಶೇ. 62.34ಕ್ಕೆ ಬಂತು. ಕೊನೆಯ ಸ್ಥಾನ ಶೇ. 42.43 ಪಡೆದ ಕಲಬುರಗಿಯ ಪಾಲಾಯಿತು.

ಜಿಲ್ಲೆಯೊಳಗಿನ ಶಾಲೆ-ಶಾಲೆಗಳ ಹೋಲಿಕೆಯಲ್ಲಿ ತೊಡಕು ಇನ್ನೂ ಹೆಚ್ಚು. ಹತ್ತು ಮಕ್ಕಳಿರುವ ಶಾಲೆಯಲ್ಲಿ ಎಲ್ಲರೂ ಪಾಸಾದರೆ ಅದು ‘ಶೇ. 100 ಫಲಿತಾಂಶ’ದ ಶಾಲೆ. ಎಂಬತ್ತು ಮಕ್ಕಳಲ್ಲಿ ಅರವತ್ತು ಮಂದಿಯನ್ನು ದಡ ಸೇರಿಸಿದ ಶಾಲೆ ಶೇ. 75ರಲ್ಲಿ ನಿಲ್ಲುತ್ತದೆ. ಆದರ್ಶ ವಿದ್ಯಾಲಯ, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು ಆರನೇ ತರಗತಿಗೆ ಪ್ರವೇಶ ಪರೀಕ್ಷೆ ನಡೆಸಿ ಮಕ್ಕಳನ್ನು ಆರಿಸಿಕೊಳ್ಳುತ್ತವೆ. ಊರಿನ ಸರ್ಕಾರಿ ಪ್ರೌಢಶಾಲೆ ಬಂದ ಮಗುವನ್ನೆಲ್ಲ ಸೇರಿಸಿಕೊಳ್ಳುತ್ತದೆ. ಇವೆರಡನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಅಂಕ ಕೇಳುವುದು ಸರಿಯಲ್ಲ.

ಲೆಕ್ಕಕ್ಕೆ ಬಾರದ ಮಕ್ಕಳ ವಿಷಯ ಇದಕ್ಕಿಂತ ದೊಡ್ಡದು. ಶೇಕಡಾವಾರು ಲೆಕ್ಕ ಪರೀಕ್ಷೆಗೆ ಕುಳಿತವರದಷ್ಟೇ. ಹತ್ತಿ ಬಿಡಿಸುವ ಕಾಲಕ್ಕೆ ತರಗತಿ ತಪ್ಪಿಸಿಕೊಂಡವರು, ತಂದೆ-ತಾಯಿಯ ಜೊತೆ ಬೆಂಗಳೂರು, ಪುಣೆಯ ಕಟ್ಟಡ ಕೆಲಸಕ್ಕೆ ಗುಳೆ ಹೋದವರು, ಒಂಬತ್ತನೇ ತರಗತಿಯಲ್ಲೇ ಮದುವೆಯಾಗಿ ಶಾಲೆ ಬಿಟ್ಟ ಹುಡುಗಿಯರು ಅದರಲ್ಲಿ ಇರುವುದಿಲ್ಲ. ಗುಳೆ ಹೋಗುವವರ ಮಕ್ಕಳನ್ನು ಊರಲ್ಲೇ ಉಳಿಸಿ ಹತ್ತನೆಯವರೆಗೆ ತಂದ ಮುಖ್ಯಶಿಕ್ಷಕರ ಶಾಲೆಯ ಫಲಿತಾಂಶ ಕಡಿಮೆಯಾಗಬಹುದು. ಅಂಥವರನ್ನು ಮೊದಲೇ ಕಳೆದುಕೊಂಡ ಶಾಲೆಯದು ಹೆಚ್ಚಾಗಬಹುದು. ಹೀಗಿದ್ದೂ ಫಲಿತಾಂಶ ಕುಸಿದಾಗ ನೋಟಿಸ್ ಬರುವುದು ಮುಖ್ಯಶಿಕ್ಷಕರಿಗೆ, ವಿಷಯ ಶಿಕ್ಷಕರಿಗೆ. ಗಣಿತ, ವಿಜ್ಞಾನ, ಇಂಗ್ಲಿಷ್ ಹುದ್ದೆ ಖಾಲಿಯಿದ್ದು ಅತಿಥಿ ಶಿಕ್ಷಕರಿಂದಲೇ ಪಾಠ ನಡೆಯುವ ಕಡೆಯೂ ಕೇಳುವ ಪ್ರಶ್ನೆ ಅದೇ. ಕೊನೆಯ ತಿಂಗಳುಗಳಲ್ಲಿ ಪಾಠ ಬದಿಗಿಟ್ಟು, ಪಾಸಾಗಲು ಬೇಕಾದಷ್ಟನ್ನೇ ಆಯ್ದ ‘ಪಾಸಿಂಗ್ ಪ್ಯಾಕೇಜ್’ ಓದಿಸುವ ರೂಢಿಯನ್ನು ಈ ಒತ್ತಡ ಬಲಪಡಿಸಿತು.

ಹೋಲಿಕೆಗೆ ಬೇರೆ ಆಕರಗಳೂ ಇವೆ. 2012-13ರಿಂದ ಪ್ರೌಢಶಾಲೆಗಳನ್ನೂ ಒಳಗೊಂಡ ಶಾಲಾ ಮಾಹಿತಿ ವ್ಯವಸ್ಥೆ ಯು-ಡೈಸ್ ಪ್ರತಿ ಶಾಲೆಯ ದಾಖಲಾತಿ, ಶಿಕ್ಷಕರು, ಕೊಠಡಿ, ಶೌಚಾಲಯಗಳ ವಿವರ ಕೊಡುತ್ತದೆ. ಕಲಿಕೆಯ ಬಗ್ಗೆ ಅದು ಹೇಳುವುದು ಕಡಿಮೆ. ರಾಷ್ಟ್ರೀಯ ಸಾಧನಾ ಸಮೀಕ್ಷೆ ಕಲಿಕೆಯನ್ನು ಅಳೆಯುತ್ತದೆ, ಆದರೆ ಮಾದರಿ ಶಾಲೆಗಳಿಂದ ಜಿಲ್ಲೆಯ ಚಿತ್ರವನ್ನಷ್ಟೇ ಕಟ್ಟುತ್ತದೆ. ಎಂಟನೇ ತರಗತಿಗೆ ದಾಖಲಾದವರಲ್ಲಿ ಎಷ್ಟು ಮಕ್ಕಳು ಮೂರು ವರ್ಷಕ್ಕೆ ತೇರ್ಗಡೆಯಾದರು, ಆಗ ಎಷ್ಟು ಹುದ್ದೆ ಭರ್ತಿಯಿದ್ದವು ಎಂಬುದನ್ನು ಫಲಿತಾಂಶದ ಪಕ್ಕದಲ್ಲೇ ಮುದ್ರಿಸಿದರೆ ಮಾತ್ರ ಹೋಲಿಕೆ ನ್ಯಾಯವಾದೀತು. 2025-26ನೇ ಸಾಲಿನಿಂದ ಎಸ್ಸೆಸ್ಸೆಲ್ಸಿ ತೇರ್ಗಡೆಗೆ ಒಟ್ಟು ಅಂಕ ಶೇ. 35ರ ಬದಲು 33 ಸಾಕು ಎಂದು ಸರ್ಕಾರ ಪ್ರಕಟಿಸಿದೆ. ಹಾಗಾಗಿ ಆ ಸಾಲಿನಿಂದ ಮುಂದಿನ ಪಟ್ಟಿಗಳನ್ನು ಹಿಂದಿನವುಗಳ ಪಕ್ಕ ನೇರವಾಗಿ ಇಟ್ಟು ನೋಡುವಂತಿಲ್ಲ.