ಕವಡೆ ಕಾಸಿನ ಲೆಕ್ಕ

ನವರಾತ್ರಿಯಲ್ಲಿ ಕಾತ್ರಜದ ನಮ್ಮ ಮನೆ ಬಾಗಿಲಿಗೆ ತುಳಜಾಪುರದ ಭವಾನಿಯ ಹೆಸರಲ್ಲಿ ಜೋಗವಾ ಬೇಡುತ್ತ ಒಬ್ಬಾಕೆ ಬಂದಳು. ಕೊರಳಲ್ಲಿ ಕವಡೆ ಸರ. ಥಟ್ಟನೆ ಸವದತ್ತಿ ಯಲ್ಲಮ್ಮನ ಜೋಗಮ್ಮಂದಿರು ನೆನಪಾದರು.

ಬ್ಯಾಂಕಿನವನಲ್ಲವೇ, ನನ್ನ ತಲೆ ದೇವರಿಗಿಂತ ಮೊದಲು ದುಡ್ಡಿನ ಕಡೆ ಓಡಿತು! ಕವಡೆ ಅಂದರೆ ಕಡಲ ಬಸವನಹುಳುವಿನ ಚಿಪ್ಪು. ಹಣವಾಗಿ ನಡೆದದ್ದು ಪಾಚಿ ಮೇಯುವ ಸಾಧು ಜಾತಿ. (ಕೋನ್ ಜಾತಿಯ ಕಡಲ ಬಸವನಹುಳುಗಳಲ್ಲಿ ಕೆಲವು ವಿಷ ಚುಚ್ಚಿ ಮೀನನ್ನೇ ನುಂಗುತ್ತವೆ, ಅದು ಬೇರೆ ಮಾತು.) ಹೆಚ್ಚಾಗಿ ಬರುತ್ತಿದ್ದದ್ದು ಮಾಲ್ಡೀವ್ಸಿನಿಂದ. 1340ರ ದಶಕದಲ್ಲಿ ಅಲ್ಲಿ ಖಾಜಿಯಾಗಿದ್ದ ಇಬ್ನ್ ಬತೂತ, ಚಿನ್ನದ ದಿನಾರಿಗೆ 4 ಲಕ್ಷ ಕವಡೆ, ಬೆಲೆ ಬಿದ್ದರೆ 12 ಲಕ್ಷ ಎಂದು ಬರೆದಿದ್ದಾನೆ. ಬಂಗಾಳದ ಅಕ್ಕಿ ಅಲ್ಲಿಗೆ, ಅಲ್ಲಿನ ಕವಡೆ ಬಂಗಾಳಕ್ಕೆ.

ಭಾಸ್ಕರಾಚಾರ್ಯರ 'ಲೀಲಾವತಿ'ಯಲ್ಲಿ 20 ಕವಡೆಗೆ ಒಂದು ಕಾಕಿಣಿ, 4 ಕಾಕಿಣಿಗೆ ಪಣ, 16 ಪಣಕ್ಕೆ ದ್ರಮ್ಮ. ಗುಣಿಸಿ ನೋಡಿ, ದ್ರಮ್ಮಕ್ಕೆ 1280 ಕವಡೆ. ಎಣಿಸುವ ಕ್ಯಾಷಿಯರನ ಪಾಡೇನು!

1803ರಲ್ಲಿ ಒಡಿಶಾ ಹಿಡಿದ ಕಂಪನಿ ಸರಕಾರ, ಮುಂದೆ ಕಂದಾಯವನ್ನು ಬೆಳ್ಳಿಯಲ್ಲೇ ಕಟ್ಟಿ ಅಂದಿತು. ರೈತನ ಕೈಲಿದ್ದ ಕವಡೆಯ ಬೆಲೆ ಕುಸಿಯಿತು. 1817ರ ಖುರ್ದಾ ಪಾಯಿಕರ ದಂಗೆಗೆ ಇದೂ ಒಂದು ಕಾರಣ. ಓದುವಾಗ 2016ರ ನವೆಂಬರ್ ನೆನಪಾಯಿತು. ಒಬ್ಬ ಅಜ್ಜಿ ಸೆರಗಿನ ಗಂಟು ಬಿಚ್ಚಿ, ಐನೂರರ ನಾಲ್ಕು ನೋಟು ಕೌಂಟರ್ ಮೇಲಿಟ್ಟು, "ಸಾಹೇಬ್, ಇವು ಸತ್ತುಹೋದವಾ?" ಅಂದಿದ್ದಳು. ಬದಲಿಸಿ ಕೊಟ್ಟೆ. ಹೊಸ ನೋಟನ್ನು ಆಕೆ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

ಜೋಗವಾದವಳಿಗೆ ಹತ್ತು ರೂಪಾಯಿ ಕೊಡಹೋದೆ. ಜೋಳದ ಹಿಟ್ಟೂ ಇದ್ದರೆ ಹಾಕಿ ಅಂದಳು.