ವರವಟ್ಟಿಯ ಹುಡುಗ ಮತ್ತು ಸದನದ ಪ್ರಶ್ನೆ

ಕಳೆದ ತಿಂಗಳು ಜುಮುಆ ಮುಗಿದು ಜನರೆಲ್ಲ ಹೊರಟ ಮೇಲೆ ಪಿಯುಸಿ ಓದುವ ಹುಡುಗನೊಬ್ಬ ಮೊಬೈಲ್ ಹಿಡಿದು ನನ್ನ ಹತ್ತಿರ ಬಂದ. ರಾಜ್ಯಸಭೆಯ ಗದ್ದಲದ ಒಂದು ತುಣುಕು ಅದರಲ್ಲಿತ್ತು. "ಹಜರತ್, ವಿರೋಧ ಪಕ್ಷದವ್ರು ಹಿಂಗ ಎದ್ದು ನಿಂತು ಕೂಗ್ತಾರಲ್ರಿ, ಅದರಿಂದ ಏನ್ ಆಯ್ತದ್ರಿ? ಕೊನಿಗಿ ಸರ್ಕಾರ ಹೇಳಿದ್ದೇ ಆಯ್ತದಲ್ರಿ" ಎಂದ. ಆ ತುಣುಕಿನಲ್ಲಿ ನಿಂತು ಮಾತನಾಡುತ್ತಿದ್ದವರು ಮಲ್ಲಿಕಾರ್ಜುನ ಖರ್ಗೆ. ಅವರು ಯಾವ ಊರಿನವರೆಂದು ಕೇಳಿದೆ. ಕಲಬುರಗಿ ಎಂದ. ಅಲ್ಲಪ್ಪಾ, ನಮ್ಮದೇ ಜಿಲ್ಲೆಯವರು, ಭಾಲ್ಕಿ ತಾಲ್ಲೂಕಿನ ವರವಟ್ಟಿಯವರು ಎಂದರೆ ಅವನಿಗೆ ಆಶ್ಚರ್ಯ. ಅವನಿಗೆ ಅಂದು ಅರ್ಧ ಉತ್ತರ ಕೊಟ್ಟು ಕಳಿಸಿದ್ದೆ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಯಾರಿಗೆ ವೋಟು ಹಾಕಬೇಕೆಂದು ಹೇಳುವ ಬರಹ ಇದಲ್ಲ. ಅದನ್ನು ಮಿಂಬರಿನಿಂದಲೂ ಹೇಳಿದವನಲ್ಲ ನಾನು.

ಮೊದಲು ವರವಟ್ಟಿಯ ಸಂಗತಿ. ಇದನ್ನು ನಮ್ಮ ಮನೆಗಳಲ್ಲಿ ಹೇಳುವುದು ಕಡಿಮೆ. ಖರ್ಗೆ ಹುಟ್ಟಿದ್ದು 1942ರ ಜುಲೈ 21ರಂದು. ಆಗ ಬೀದರ್ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೆ ಸಂಸ್ಥಾನ ಭಾರತಕ್ಕೆ ಸೇರಬೇಕೋ ಬೇಡವೋ ಎಂಬ ಜಗಳದಲ್ಲಿ ಖಾಸಿಂ ರಜ್ವಿಯ ರಜಾಕಾರರು ಹಳ್ಳಿಗಳ ಮೇಲೆ ಬಿದ್ದರು. ಬಸವಕಲ್ಯಾಣ ತಾಲ್ಲೂಕಿನ ಗೋರ್ಟಾದ ಹೆಸರು ಕೇಳಿದವರಿಗೆ ವಿವರ ಬೇಕಿಲ್ಲ. ವರವಟ್ಟಿಯಲ್ಲಿ ದಲಿತ ಕುಟುಂಬವೊಂದರ ಮನೆಗೆ ಬೆಂಕಿ ಬಿತ್ತು. ಆ ಬೆಂಕಿಯಲ್ಲಿ ತಾಯಿ ಮತ್ತು ತಂಗಿ ತೀರಿಕೊಂಡರು. ತಂದೆ ಮಾಪಣ್ಣ ಮತ್ತು ಆರೇಳು ವರ್ಷದ ಹುಡುಗ ಉಳಿದರು. ತಂದೆ ಮಗನನ್ನು ಕರೆದುಕೊಂಡು ಗುಲ್ಬರ್ಗಾ ಸೇರಿ ಗಿರಣಿ ಕೆಲಸಕ್ಕೆ ನಿಂತರು.

ನಮ್ಮ ಹಿರಿಯರ ಬಾಯಲ್ಲಿ 1948 ಎಂದರೆ "ಪೊಲೀಸ್ ಆ್ಯಕ್ಷನ್". ಸೆಪ್ಟೆಂಬರ್ 13ರಿಂದ 17ರವರೆಗಿನ ಸೇನಾ ಕಾರ್ಯಾಚರಣೆ, ಅದರ ಹಿಂದೆಯೇ ಬಂದ ಕೊಲೆ, ಲೂಟಿ, ಬಾವಿಗೆ ಹಾರಿದ ಹೆಣ್ಣುಮಕ್ಕಳು. ಆ ನೆನಪು ಸುಳ್ಳಲ್ಲ. ಪಂಡಿತ ಸುಂದರಲಾಲ್, ಖಾಜಿ ಅಬ್ದುಲ್ ಗಫ್ಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಇವರಿದ್ದ ಸಮಿತಿ ಹಳ್ಳಿಹಳ್ಳಿ ತಿರುಗಿ ಕನಿಷ್ಠ 27 ಸಾವಿರದಿಂದ 40 ಸಾವಿರ ಜನ ಸತ್ತಿರಬೇಕೆಂದು ಅಂದಾಜು ಮಾಡಿತು. ಹೆಚ್ಚು ನೊಂದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್. ಆದರೆ ಆ ಸೆಪ್ಟೆಂಬರಿಗೆ ಮುಂಚಿನ ತಿಂಗಳುಗಳೂ ಇದ್ದವಲ್ಲ? ಅವುಗಳ ಬಗ್ಗೆ ನಾವು ಬಾಯಿ ಬಿಡುವುದಿಲ್ಲ. ಸಾಕ್ಷಿ ನಮ್ಮವರ ವಿರುದ್ಧ ಇದ್ದರೂ ಮುಚ್ಚಿಡಬಾರದೆಂಬುದು ನಮಗೆ ಚಿಕ್ಕಂದಿನಿಂದ ಕಲಿಸಿದ ಪಾಠ. ವರವಟ್ಟಿಯ ಆ ತಾಯಿಯದೂ ಒಂದು ಸಾಕ್ಷಿ.

ಆ ಹುಡುಗ ಕಾನೂನು ಓದಿದ, ಕಾರ್ಮಿಕರ ಪರ ಕೆಲಸ ಮಾಡಿದ, 1972ರಲ್ಲಿ ಗುರುಮಠಕಲ್‌ನಿಂದ ಶಾಸಕನಾದ. ಒಂಬತ್ತು ಸಲ ಸತತವಾಗಿ ವಿಧಾನಸಭೆಗೆ ಗೆದ್ದದ್ದು, ಮಂತ್ರಿಯಾದದ್ದು ಎಲ್ಲರಿಗೂ ತಿಳಿದಿದೆ, ಅದನ್ನು ಬಿಡುತ್ತೇನೆ. ಹುಡುಗ ಕೇಳಿದ್ದು ವಿರೋಧ ಪಕ್ಷದ ವಿಷಯ. ಖರ್ಗೆ 1996ರಿಂದ 1999ರವರೆಗೆ ಮತ್ತು 2008ರಿಂದ 2009ರವರೆಗೆ ನಮ್ಮ ವಿಧಾನಸಭೆಯಲ್ಲಿ ವಿರೋಧ ಪಕ್ಷದ ನಾಯಕರಾಗಿದ್ದರು. ಆಮೇಲೆ ಕೇಂದ್ರ ಮಂತ್ರಿಯಾಗಿದ್ದಾಗ 371(ಜೆ) ವಿಧಿಗಾಗಿ ಶ್ರಮಿಸಿದವರಲ್ಲಿ ಅವರೂ ಪ್ರಮುಖರು. ಪಕ್ಕದ ತೆಲಂಗಾಣದ ಭಾಗಕ್ಕೆ 1973ರಲ್ಲೇ 371(ಡಿ) ಸಿಕ್ಕಿತ್ತು. ಅದೇ ನಿಜಾಮರ ಆಳ್ವಿಕೆಯಲ್ಲಿದ್ದ ನಮಗೆ ಸಿಕ್ಕಿದ್ದು 2012ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ 98ನೇ ತಿದ್ದುಪಡಿಯಿಂದ. ಮಕ್ಕಳ ಸೀಟಿಗಾಗಿ ಎಚ್‌ಕೆ ಸರ್ಟಿಫಿಕೇಟ್ ಮಾಡಿಸಲು ಕಚೇರಿಗೆ ಅಲೆದ ತಂದೆತಾಯಿಗಳಿಗೆ ಅದರ ಬೆಲೆ ಗೊತ್ತು. ಆದರೆ ಅದು ಅಧಿಕಾರದಲ್ಲಿದ್ದಾಗಿನ ಕೆಲಸ. ಅಧಿಕಾರ ಇಲ್ಲದಾಗ ಏನು ಮಾಡಿದರು?

2014ರಲ್ಲಿ ಅವರ ಪಕ್ಷಕ್ಕೆ ಲೋಕಸಭೆಯ 543 ಸ್ಥಾನಗಳಲ್ಲಿ ಬಂದದ್ದು 44. ಮೊದಲ ಲೋಕಸಭೆಯ ಕಾಲದಿಂದ ನಡೆದುಬಂದ ಹತ್ತರಲ್ಲಿ ಒಂದು ಪಾಲಿನ ಲೆಕ್ಕದಂತೆ 55 ಬೇಕಿತ್ತು. ಹಾಗಾಗಿ ಸ್ಪೀಕರ್ ಅಧಿಕೃತ ವಿರೋಧ ಪಕ್ಷದ ನಾಯಕನ ಸ್ಥಾನ ಕೊಡಲಿಲ್ಲ. 1977ರ ಕಾಯ್ದೆಯಲ್ಲಿ ದೊಡ್ಡ ವಿರೋಧ ಪಕ್ಷದ ನಾಯಕ ಎಂದಿದೆಯೇ ಹೊರತು ಹತ್ತರ ಲೆಕ್ಕ ಇಲ್ಲ ಎಂಬ ವಾದವೂ ಇತ್ತು. ಅಂತೂ ಐದು ವರ್ಷ ಅವರು ಕುಳಿತದ್ದು ಬರೀ ಪಕ್ಷದ ನಾಯಕನಾಗಿ.

ಇದರಿಂದ ಏನು ವ್ಯತ್ಯಾಸವೆಂದು ಕೇಳಬಹುದು. ಲೋಕಪಾಲ್ ಆಯ್ಕೆ ಸಮಿತಿಯಲ್ಲಿ ವಿರೋಧ ಪಕ್ಷದ ನಾಯಕ ಇರಬೇಕೆಂದು 2013ರ ಕಾಯ್ದೆ ಹೇಳುತ್ತದೆ. ನಾಯಕ ಎಂಬ ಸ್ಥಾನವೇ ಇಲ್ಲವಲ್ಲ, ಆದ್ದರಿಂದ 2018ರಲ್ಲಿ ಅವರನ್ನು "ವಿಶೇಷ ಆಹ್ವಾನಿತ" ಎಂದು ಕರೆದರು. ಅವರು ಹೋಗಲಿಲ್ಲ. ಮತ ಹಾಕುವಂತಿಲ್ಲ, ಅಭಿಪ್ರಾಯ ದಾಖಲಿಸುವಂತಿಲ್ಲ, ಬರೀ ಹಾಜರಾತಿಗೆ ಏಕೆ ಬರಲಿ ಎಂದು ಪತ್ರ ಬರೆದರು. ಮತ್ತೆ ಕರೆದಾಗಲೂ ಅದೇ ಉತ್ತರ. ಒಳಗೆ ಹೋಗಿ ಎರಡು ಮಾತು ಆಡಿದ್ದರೆ ಏನಾಗುತ್ತಿತ್ತು ಎಂದು ನನಗೂ ಆಗ ಅನ್ನಿಸಿತ್ತು. ಆಮೇಲೆ ನಮ್ಮ ಜಮಾಅತ್ ಕಮಿಟಿಗಳ ಸಭೆ ನೆನಪಾಯಿತು. ಚಹಾ ಕುಡಿಯಲು ಕರೆಯುತ್ತಾರೆ, ರಿಜಿಸ್ಟರಿನಲ್ಲಿ ಸಹಿ ಮಾತ್ರ ಕೇಳುವುದಿಲ್ಲ. ಆಮೇಲೆ "ನೀವೂ ಇದ್ದಿರಲ್ಲ" ಎನ್ನುತ್ತಾರೆ. 2019ರ ಮಾರ್ಚಿನಲ್ಲಿ ಅವರಿಲ್ಲದೆಯೇ ಮೊದಲ ಲೋಕಪಾಲರ ನೇಮಕ ಆಯಿತು. ಹೋಗದೇ ಇದ್ದುದರಿಂದ ನೇಮಕವೇನೂ ನಿಲ್ಲಲಿಲ್ಲ. ಆದರೆ ವಿರೋಧ ಪಕ್ಷದ ಒಪ್ಪಿಗೆಯಿಂದ ಆದದ್ದೆಂದು ಹೇಳಲು ಯಾರಿಗೂ ಬಾರದು.

ಸಿಬಿಐ ನಿರ್ದೇಶಕರ ವಿಷಯದಲ್ಲಿ ಹಾಗಲ್ಲ. ಅಲ್ಲಿ 2014ರಲ್ಲೇ ಕಾನೂನು ತಿದ್ದಿ ದೊಡ್ಡ ವಿರೋಧ ಪಕ್ಷದ ನಾಯಕನಿಗೂ ಸಮಿತಿಯಲ್ಲಿ ಜಾಗ ಕೊಟ್ಟಿದ್ದರು. 2019ರ ಜನವರಿ 10ರಂದು ನಿರ್ದೇಶಕ ಅಲೋಕ್ ವರ್ಮಾ ಅವರನ್ನು ತೆಗೆಯುವ ತೀರ್ಮಾನಕ್ಕೆ ಪ್ರಧಾನಿ ಮತ್ತು ನ್ಯಾಯಮೂರ್ತಿಗಳು ಒಂದು ಕಡೆ, ಖರ್ಗೆ ಒಬ್ಬರೇ ಇನ್ನೊಂದು ಕಡೆ. ಹಕ್ಕಿದ್ದಲ್ಲಿ ಹೋದರು, ಸೋತರು, ಭಿನ್ನಮತವನ್ನು ಬರೆದಿಟ್ಟು ಬಂದರು. ವರ್ಮಾ ಅವರನ್ನು 2017ರಲ್ಲಿ ನೇಮಿಸುವಾಗಲೂ ಭಿನ್ನಮತ ಬರೆದವರು ಇದೇ ಖರ್ಗೆ ಎಂಬುದು ಗಮನಿಸಬೇಕಾದದ್ದು. ವ್ಯಕ್ತಿ ಒಬ್ಬನೇ, ಎರಡೂ ಸಲ ಕೇಳಿದ್ದು ಕ್ರಮ ಸರಿಯಾಗಿತ್ತೇ ಎಂದು.

ಎಲ್ಲ ಮಾತೂ ನನಗೆ ಒಪ್ಪಿಗೆಯೆಂದಲ್ಲ. 2015ರ ನವೆಂಬರಿನಲ್ಲಿ ಅಂಬೇಡ್ಕರರ 125ನೇ ಜಯಂತಿ ನಿಮಿತ್ತ ಸಂವಿಧಾನದ ಮೇಲೆ ಲೋಕಸಭೆಯಲ್ಲಿ ಚರ್ಚೆ ನಡೆಯಿತು. ಎಷ್ಟು ಅವಮಾನವಾದರೂ ಅಂಬೇಡ್ಕರ್ ದೇಶ ಬಿಡುವ ಮಾತಾಡಲಿಲ್ಲ ಎಂದು ಗೃಹಮಂತ್ರಿಗಳು ಹೇಳಿದಾಗ, ನಾವು ಇಲ್ಲಿನ ಮೂಲನಿವಾಸಿಗಳು, ಹೊರಗಿನಿಂದ ಬಂದವರು ನೀವು ಎಂಬ ಅರ್ಥದಲ್ಲಿ ಖರ್ಗೆ ತಿರುಗಿ ಉತ್ತರಿಸಿದರು. ನಮ್ಮ ಕೆಲವು ಹುಡುಗರು ಆ ವಿಡಿಯೋವನ್ನು ಖುಷಿಯಿಂದ ಹಂಚಿದರು. ನನಗೆ ಖುಷಿಯಾಗಲಿಲ್ಲ. ಸಾವಿರಾರು ವರ್ಷ ತುಳಿಸಿಕೊಂಡವರ ಬಾಯಲ್ಲಿ ಆ ಮಾತಿನ ನೋವು ಅರ್ಥವಾಗುತ್ತದೆ. ಆದರೆ "ಹೊರಗಿನವರು" ಎಂಬ ಮಾತನ್ನು ಸಂತೆಯಲ್ಲಿ, ಬಸ್ಸಿನಲ್ಲಿ ಕೇಳಿಸಿಕೊಂಡು ಬೆಳೆದವರು ನಾವು. ಅದು ಯಾರ ಬಾಯಿಂದ ಬಂದರೂ, ಯಾರ ಮೇಲೆ ಬಿದ್ದರೂ ನನಗೆ ಹಿಡಿಸದು.

ನನಗೆ ಹತ್ತಿರವಾದದ್ದು ಇನ್ನೊಂದು ದಿನದ ಮಾತು. 2019ರಲ್ಲಿ ಅವರು ಮೊದಲ ಬಾರಿಗೆ ಚುನಾವಣೆ ಸೋತರು, 2020ರಲ್ಲಿ ರಾಜ್ಯಸಭೆಗೆ ಹೋದರು, 2021ರ ಫೆಬ್ರವರಿಯಲ್ಲಿ ಗುಲಾಂ ನಬಿ ಆಜಾದ್ ನಿವೃತ್ತರಾದ ಮೇಲೆ ಅಲ್ಲಿ ವಿರೋಧ ಪಕ್ಷದ ನಾಯಕರಾದರು. ಈ ಸಲ ಸ್ಥಾನ ಕಾನೂನುಬದ್ಧವಾಗಿಯೇ ಸಿಕ್ಕಿತು. ಎರಡೇ ತಿಂಗಳಿಗೆ ಕೊರೋನಾದ ಎರಡನೇ ಅಲೆ. ಆ ರಮಝಾನ್ ನಿಮಗೆಲ್ಲ ನೆನಪಿದೆ. ತರಾವೀಹ್‌ಗೆ ಜನರಿಲ್ಲ, ಖಬರಸ್ತಾನದಲ್ಲಿ ಮಾತ್ರ ಕೆಲಸ. ನಾನು ಜನಾಝಾ ನಮಾಝ್ ಮಾಡಿಸಿದವರಲ್ಲಿ ಕೆಲವರಿಗೆ ಟೆಸ್ಟ್ ಆಗಿರಲೇ ಇಲ್ಲ. ಜ್ವರ, ಉಸಿರಾಟದ ಕಷ್ಟ, ಮೂರನೇ ದಿನ ಮಯ್ಯಿತ್. ಅಂಥವರು ಸರ್ಕಾರದ ಯಾವ ಪಟ್ಟಿಯಲ್ಲಿ ಸೇರಿದರು?

ಜುಲೈ 20ರಂದು ರಾಜ್ಯಸಭೆಯಲ್ಲಿ ಕೊರೋನಾ ಚರ್ಚೆ ಆರಂಭಿಸಿದವರು ಖರ್ಗೆ. ಆ ಹೊತ್ತಿಗೆ ಸರ್ಕಾರದ ಸಾವಿನ ಲೆಕ್ಕ ನಾಲ್ಕು ಲಕ್ಷ ಚಿಲ್ಲರೆ. ಅವರು ಮಾಡಿದ್ದು ನಮ್ಮ ಹಳ್ಳಿಯ ಕಟ್ಟೆಯ ಲೆಕ್ಕ. ದೇಶದಲ್ಲಿ ಆರು ಲಕ್ಷಕ್ಕೂ ಹೆಚ್ಚು ಹಳ್ಳಿಗಳಿವೆ, ಹಳ್ಳಿಗೆ ಐದು ಜನ ಎಂದು ಹಿಡಿದರೂ ಮೂವತ್ತು ಲಕ್ಷ ದಾಟುತ್ತದೆ, ಪಟ್ಟಣಗಳದು ಬೇರೆ. ಇದು ಬೆರಳೆಣಿಕೆಯ ಲೆಕ್ಕ, ಪಂಡಿತರು ಒಪ್ಪುವ ಅಂಕಿಅಂಶವಲ್ಲ ಎಂದು ಯಾರಾದರೂ ಹೇಳಬಹುದು, ಸರಿಯೇ. ಆದರೆ ಹಳ್ಳಿಯಲ್ಲಿ ಹೂತವರಿಗೆ ಲೆಕ್ಕ ಕೊಡಿ ಎಂಬ ಬೇಡಿಕೆ ಅಂದು ಸದನದ ಕಡತಕ್ಕೆ ಸೇರಿತು. ಹತ್ತು ತಿಂಗಳ ನಂತರ, 2022ರ ಮೇನಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಭಾರತದಲ್ಲಿ ಆ ಎರಡು ವರ್ಷಗಳ ಹೆಚ್ಚುವರಿ ಸಾವುಗಳನ್ನು ಸುಮಾರು 47 ಲಕ್ಷವೆಂದು ಅಂದಾಜು ಮಾಡಿತು. ಕೇಂದ್ರ ಸರ್ಕಾರ ಆ ವಿಧಾನವನ್ನೇ ಒಪ್ಪಲಿಲ್ಲ, ಈಗಲೂ ಒಪ್ಪಿಲ್ಲ.

ಅದೇ ಜುಲೈ 20ರಂದು ಅದೇ ಸದನದಲ್ಲಿ ಇನ್ನೊಂದು ಉತ್ತರವೂ ಬಂತು. ಆಕ್ಸಿಜನ್ ಕೊರತೆಯಿಂದ ಎಷ್ಟು ಜನ ಸತ್ತರು ಎಂಬ ಪ್ರಶ್ನೆಗೆ, ಆಕ್ಸಿಜನ್ ಕೊರತೆಯಿಂದಲೇ ಸಾವು ಎಂದು ಯಾವ ರಾಜ್ಯವೂ ನಿರ್ದಿಷ್ಟವಾಗಿ ವರದಿ ಮಾಡಿಲ್ಲ ಎಂಬ ಲಿಖಿತ ಉತ್ತರ. ಚಾಮರಾಜನಗರ ಜಿಲ್ಲಾಸ್ಪತ್ರೆಯಲ್ಲಿ ಮೇ ತಿಂಗಳಿನಲ್ಲಿ ಒಂದೇ ದಿನದೊಳಗೆ 24 ರೋಗಿಗಳು ತೀರಿಕೊಂಡದ್ದನ್ನು ಟಿವಿಯಲ್ಲಿ ನೋಡಿದ್ದ ನಮಗೆ ಆ ವಾಕ್ಯ ಓದಿ ಏನೆನ್ನಬೇಕೋ ತಿಳಿಯಲಿಲ್ಲ. ಆದರೆ ನೋಡಿ, ಆ ವಾಕ್ಯ ಹುಟ್ಟಿದ್ದೇ ಯಾರೋ ಪ್ರಶ್ನೆ ಕೇಳಿದ್ದರಿಂದ. ಕೇಳದಿದ್ದರೆ ಸರ್ಕಾರ ಹೀಗೆ ಹೇಳಿತ್ತು ಎಂಬುದಕ್ಕೂ ದಾಖಲೆ ಇರುತ್ತಿರಲಿಲ್ಲ.

ಪ್ರಶ್ನೆ ಕೇಳುವುದು ಹೇಗೆಂಬುದನ್ನು ಮಕ್ಕಳಿಗೆ ಶಾಲೆಯಲ್ಲಿ ಹೇಳುತ್ತಾರೋ ಇಲ್ಲವೋ. ಸದಸ್ಯರು ಹದಿನೈದು ದಿನ ಮುಂಚೆ ನೋಟಿಸ್ ಕೊಡಬೇಕು. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಸದನದಲ್ಲಿ ನಿಂತು ಉತ್ತರಿಸಬೇಕು, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದ್ದಕ್ಕೆ ಲಿಖಿತ ಉತ್ತರ. ನಮ್ಮ ಊರಿನ ರಸ್ತೆ, ವಿದ್ಯಾರ್ಥಿವೇತನ, ವಕ್ಫ್ ಜಮೀನು ಯಾವುದರ ಬಗ್ಗೆಯಾದರೂ ಸಂಸದರಿಗೆ ಪತ್ರ ಬರೆದು ಪ್ರಶ್ನೆ ಕೇಳಿಸಬಹುದು. 2020ರ ಸೆಪ್ಟೆಂಬರ್ ಅಧಿವೇಶನದಲ್ಲಿ ಕೊರೋನಾ ಕಾರಣ ಹೇಳಿ ಪ್ರಶ್ನೋತ್ತರ ವೇಳೆಯನ್ನೇ ಕೈಬಿಟ್ಟಿದ್ದರು. ಎಷ್ಟು ಜನಕ್ಕೆ ಅದು ಗೊತ್ತಾಯಿತು?

ಆಡಿದ ಮಾತೆಲ್ಲ ಕಡತದಲ್ಲಿ ಉಳಿಯುತ್ತದೆಂದೂ ಇಲ್ಲ. 2023ರ ಫೆಬ್ರವರಿ 8ರಂದು ರಾಷ್ಟ್ರಪತಿಗಳ ಭಾಷಣಕ್ಕೆ ವಂದನೆ ಸಲ್ಲಿಸುವ ಚರ್ಚೆಯಲ್ಲಿ ಖರ್ಗೆ ಅದಾನಿ ಸಮೂಹದ ವಿಷಯ ಎತ್ತಿದರು, ಪ್ರಧಾನಿಗಳ ಮೌನದ ಬಗ್ಗೆ ಚುಚ್ಚಿದರು. ಭಾಷಣದ ಹಲವು ಭಾಗಗಳನ್ನು ಸಭಾಪತಿಗಳು ಕಡತದಿಂದ ತೆಗೆಸಿದರು. ಅಸಭ್ಯ ಅಥವಾ ಅಸಂಸದೀಯ ಎನಿಸಿದ ಮಾತನ್ನು ತೆಗೆಯುವ ಅಧಿಕಾರ ನಿಯಮದಲ್ಲಿ ಅವರಿಗಿದೆ. ನನ್ನ ಮಾತಿನಲ್ಲಿ ಅಸಂಸದೀಯವಾದದ್ದು ಯಾವುದು ಹೇಳಿ ಎಂದು ಖರ್ಗೆ ಮತ್ತೆ ಎದ್ದು ನಿಂತು ಕೇಳಿದರು. ಅವರ ಹಿಂದಿ ಕೇಳಿದ್ದೀರಲ್ಲ, ಅದರಲ್ಲಿ ನಮ್ಮ ಕಡೆಯ ದಖನಿಯ ಸೊಗಡು ಇನ್ನೂ ಇದೆ. ಆ ಹುಡುಗ ನನಗೆ ತೋರಿಸಿದ ತುಣುಕು ಆ ದಿನಗಳದ್ದೇ.

ಇನ್ನೊಂದು ಸಂಗತಿ ಬಾಕಿ ಇದೆ. 2024ರ ನವೆಂಬರಿನಲ್ಲಿ ಮಹಾರಾಷ್ಟ್ರದ ಚುನಾವಣೆ ಪ್ರಚಾರಕ್ಕೆ ಬಂದ ಉತ್ತರ ಪ್ರದೇಶದ ಮುಖ್ಯಮಂತ್ರಿಗಳು ವರವಟ್ಟಿಯ ಬೆಂಕಿಯನ್ನು ವೇದಿಕೆಗೆ ತಂದರು. ನಿಮ್ಮ ತಾಯಿ, ತಂಗಿಯನ್ನು ಸುಟ್ಟವರು ಯಾರೆಂದು ಮುಸ್ಲಿಂ ವೋಟಿಗಾಗಿ ನೀವು ಹೇಳುತ್ತಿಲ್ಲ ಎಂಬ ಧಾಟಿಯಲ್ಲಿ ಮಾತಾಡಿದರು. ಅದಕ್ಕೆ ಖರ್ಗೆಯವರ ಮಗ, ನಮ್ಮ ರಾಜ್ಯದ ಮಂತ್ರಿ ಪ್ರಿಯಾಂಕ್, ಹೌದು, ರಜಾಕಾರರೇ ಮಾಡಿದ್ದು, ಇಡೀ ಮುಸ್ಲಿಂ ಸಮುದಾಯವಲ್ಲ ಎಂದು ಉತ್ತರ ಕೊಟ್ಟರು. ಮಾಡಿದ್ದನ್ನು ಮುಚ್ಚಲೂ ಇಲ್ಲ, ಮಾಡದವರ ತಲೆಗೆ ಕಟ್ಟಲೂ ಇಲ್ಲ.

ಮುಂದಿನ ಜುಮುಆದ ಬಯಾನಿನಲ್ಲಿ ನಾನು ವರವಟ್ಟಿ, ಗೋರ್ಟಾ ಎರಡೂ ಹೆಸರು ಹೇಳಿದೆ. 1948ರ ಸೆಪ್ಟೆಂಬರಿನ ಮಾತಿನ ಜೊತೆಗೇ ಹೇಳಿದೆ. ಸಫ್‌ನಲ್ಲಿ ಮುಂದೆ ಕುಳಿತಿದ್ದ ಹಿರಿಯರೊಬ್ಬರು ನಮಾಝ್ ಮುಗಿದ ಮೇಲೆ ಮುಸಾಫಹಾ ಮಾಡದೆ ಎದ್ದು ಹೋದರು. ಮುಂದಿನ ವಾರ ಬಂದು ಪಕ್ಕದಲ್ಲಿ ಕುಳಿತು, ತಮ್ಮ ತಂದೆ ಆ ದಿನಗಳಲ್ಲಿ ಯಾರ ಮನೆಯಲ್ಲಿ ಅಡಗಿದ್ದರು, ಆ ಮನೆಯವರು ಯಾವ ಜಾತಿಯವರು ಎಂದು ನಿಧಾನವಾಗಿ ಹೇಳಲು ಶುರುಮಾಡಿದರು. ಅಸರ್ ಅಝಾನ್ ಆಗುವವರೆಗೂ ಹೇಳುತ್ತಲೇ ಇದ್ದರು. ಮೊಬೈಲಿನ ಹುಡುಗನೂ ಅಲ್ಲೇ ಕುಳಿತು ಕೇಳುತ್ತಿದ್ದ.